ಕಡಲಿನ ಗುಟ್ಟು ಬಲ್ಲ ಅಡ್ಮಿರಲ್ ಗಾಡ್‌ಫ್ರೇ

ತಳೇಗಾಂವದಲ್ಲಿ ಲೋಕಲ್ ಗಾಡಿ ಹತ್ತಿ ವಡಗಾಂವ, ಕಾಮಶೇತ, ಮಳವಲಿಗಳನ್ನು ದಾಟಿದರೆ ಲೋಣಾವಳೆ. ಸುತ್ತಲೂ ಸಹ್ಯಾದ್ರಿಯ ಸಾಲು. ಸಮುದ್ರದ ಸುಳಿವೂ ಇಲ್ಲ. ಆದರೂ ಅಲ್ಲಿ ನಮ್ಮ ನೌಕಾಪಡೆಯ ಶಿಕ್ಷಣಕೇಂದ್ರ ‘ಶಿವಾಜಿ’ ಇರುವುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಹಡಗಿನ ಯಂತ್ರ ನಡೆಸುವವರನ್ನು ತಯಾರಿಸುವ ಈ ಕೇಂದ್ರವು 1945ರ ಫೆಬ್ರುವರಿ 15ರಂದು ಆರಂಭವಾಯಿತು. ಆಗ ಭಾರತದ ನೌಕಾದಳದ ಮುಖ್ಯಸ್ಥರಾಗಿದ್ದವರು ಜಾನ್ ಹೆನ್ರಿ ಗಾಡ್‌ಫ್ರೇ ಎಂಬ ಆಂಗ್ಲ ಅಧಿಕಾರಿ. ಅವರ ಜೀವನವು ನಮಗೆಲ್ಲ ಒಂದು ಪಾಠದಂತಿದೆ.

ಗಾಡ್‌ಫ್ರೇ ಹುಟ್ಟಿದ್ದು 1888ರಲ್ಲಿ, ಬರ್ಮಿಂಗ್‌ಹ್ಯಾಮ್ ನಗರದ ಸೀಮೆಯಲ್ಲಿ. ಚಿಕ್ಕಂದಿನಲ್ಲಿಯೇ ನೌಕಾದಳ ಸೇರಿ, ಹಡಗಿನ ದಾರಿ ಗುರುತಿಸುವ ವಿದ್ಯೆಯಲ್ಲಿ ನುರಿತರು. ಮೊದಲನೆಯ ಮಹಾಯುದ್ಧದಲ್ಲಿ ‘ಯೂರಿಯಾಲಸ್’ ಹಡಗಿನಲ್ಲಿದ್ದು, 1915ರ ಡಾರ್ಡನೆಲ್ಸ್ ಕಾಳಗವನ್ನು ಕಂಡರು. ಮುಂದೆ ಗ್ರೀನಿಚ್ಚಿನ ನೌಕಾ ವಿದ್ಯಾಲಯದಲ್ಲಿ ಪಾಠ ಹೇಳಿದರು. 1936ರಿಂದ ‘ರಿಪಲ್ಸ್’ ಎಂಬ ದೊಡ್ಡ ಯುದ್ಧನೌಕೆಯ ಕಪ್ತಾನರಾಗಿದ್ದರು.

1939ರ ಆರಂಭದಲ್ಲಿ ಅವರಿಗೆ ನೌಕಾ ಗುಪ್ತವಾರ್ತಾ ವಿಭಾಗದ ಹಿರಿತನ ಬಂದಿತು. ಅವರ ನಿಜವಾದ ಸಾಮರ್ಥ್ಯ ಬೆಳಗಿದ್ದು ಇಲ್ಲಿಯೇ. ಷೇರು ದಲ್ಲಾಳಿ ಸಂಸ್ಥೆಯಲ್ಲಿದ್ದ ಇಯಾನ್ ಫ್ಲೆಮಿಂಗ್ ಎಂಬ ತರುಣನನ್ನು ಸಹಾಯಕನನ್ನಾಗಿ ಆರಿಸಿಕೊಂಡರು. ಮುಂದೆ ಜೇಮ್ಸ್ ಬಾಂಡ್ ಕಾದಂಬರಿಗಳನ್ನು ಬರೆದವನು ಈತನೇ. ಆ ಕಥೆಗಳಲ್ಲಿ ಬರುವ ‘ಎಮ್’ ಎಂಬ ಮೇಲಧಿಕಾರಿಗೆ ಗಾಡ್‌ಫ್ರೇಯವರೇ ಮಾದರಿಯೆಂದು ಬಹಳ ಜನ ನಂಬುತ್ತಾರೆ.

1940ರಲ್ಲಿ ನಾರ್ವೆಗೆ ಹೋದ ಸೈನ್ಯಕ್ಕೆ ಸರಿಯಾದ ನಕ್ಷೆಗಳೂ ಇರಲಿಲ್ಲ. ಆ ಪೆಟ್ಟಿನಿಂದ ಎಚ್ಚತ್ತ ಗಾಡ್‌ಫ್ರೇ, ಆಕ್ಸ್‌ಫರ್ಡಿನ ಪಂಡಿತರನ್ನು ಕೂಡಿಸಿ, ದೇಶದೇಶಗಳ ಕರಾವಳಿ, ಬಂದರು, ರಸ್ತೆಗಳ ವಿವರವನ್ನು ಸಂಗ್ರಹಿಸುವ ಏರ್ಪಾಡು ಮಾಡಿದರು. ರಜೆಯಲ್ಲಿ ಪರದೇಶದ ಸಮುದ್ರತೀರಕ್ಕೆ ಹೋಗಿದ್ದ ಜನಸಾಮಾನ್ಯರಿಂದ ಫೋಟೋಗಳನ್ನು ಕೇಳಿ ತರಿಸಲಾಯಿತು. ಮರಳಿನ ಮೇಲೆ ಮಕ್ಕಳು ಆಡುತ್ತಿದ್ದ ಚಿತ್ರದಿಂದಲೂ ದಂಡೆ ಎಷ್ಟು ಇಳಿಜಾರು ಎಂಬುದನ್ನು ಅಳೆಯಬಹುದಲ್ಲವೆ!

ಬಂದ ಸುದ್ದಿಗೆ ಎರಡು ಗುರುತು ಹಾಕುವ ಪದ್ಧತಿಯೂ ಅವರ ವಿಭಾಗದಲ್ಲಿ ನೆಲೆಗೊಂಡಿತು: ಸುದ್ದಿ ತಂದವನು ಎಷ್ಟು ನಂಬಿಗಸ್ಥನೆಂಬುದಕ್ಕೆ ಒಂದು ಅಕ್ಷರ, ಸುದ್ದಿ ಎಷ್ಟು ನಿಜವಿರಬಹುದೆಂಬುದಕ್ಕೆ ಒಂದು ಅಂಕಿ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನ್ನಂಥವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಚೆಕ್ಕು ತಂದವರು ಸಜ್ಜನರೆಂಬ ಮಾತ್ರಕ್ಕೆ ಚೆಕ್ಕು ಸರಿಯೆಂದು ಹೇಳಲಾಗದು.

ಇಷ್ಟು ಬುದ್ಧಿವಂತರಾದರೂ ಗಾಡ್‌ಫ್ರೇ ಕಟುಸ್ವಭಾವದವರು, ಜೊತೆಯವರೊಡನೆ ಹೊಂದಿಕೊಳ್ಳಲಿಲ್ಲ. 1942ರಲ್ಲಿ ಅವರಿಗೆ ಬಡ್ತಿಯೂ ಬಂದಿತು, ಆ ಹುದ್ದೆಯೂ ಕೈಬಿಟ್ಟಿತು. 1943ರಲ್ಲಿ ಅವರನ್ನು ಭಾರತಕ್ಕೆ ಕಳಿಸಿದರು.

ಯುದ್ಧದ ಆರಂಭದಲ್ಲಿ ಎರಡು ಸಾವಿರದಷ್ಟೂ ಇಲ್ಲದಿದ್ದ ನಮ್ಮ ನೌಕಾದಳದ ಸಂಖ್ಯೆ 1945ರ ಹೊತ್ತಿಗೆ 25,000ವನ್ನು ಮೀರಿತ್ತು. ಹಡಗುಗಳು ಬಂದವು, ಶಾಲೆಗಳು ಎದ್ದವು. ಆದರೆ ಆ ಹಡಗುಗಳಲ್ಲಿ ದುಡಿಯುವ ಹುಡುಗರ ಊಟ ಕೆಟ್ಟದ್ದು, ಸಂಬಳ ಆಂಗ್ಲ ನಾವಿಕರಿಗಿಂತ ಕಡಿಮೆ, ಮೇಲಾಗಿ ಬೈಗಳು. ಯುದ್ಧ ಮುಗಿದ ಮೇಲೆ ಕೆಲಸ ಉಳಿದೀತೆಂಬ ಭರವಸೆಯೂ ಇರಲಿಲ್ಲ. 1946ರ ಫೆಬ್ರುವರಿ 18ರಂದು ಮುಂಬಯಿಯ ‘ತಲವಾರ್’ ಕೇಂದ್ರದ ನಾವಿಕರು ಅನ್ನವನ್ನು ನಿರಾಕರಿಸಿ ಮುಷ್ಕರ ಹೂಡಿದರು. ಅದು ಸಂದೇಶ ಕಳಿಸುವ ವಿದ್ಯೆ ಕಲಿಸುವ ಶಾಲೆ. ಸುದ್ದಿ ಹಡಗಿನಿಂದ ಹಡಗಿಗೆ ಹಬ್ಬಲು ತಡವಾಗಲಿಲ್ಲ. 78 ಹಡಗುಗಳು, ಸುಮಾರು 20,000 ನಾವಿಕರು ಅದರಲ್ಲಿ ಸೇರಿದರೆಂದು ಲೆಕ್ಕವಿದೆ.

ಗಾಡ್‌ಫ್ರೇ ರೇಡಿಯೋದಲ್ಲಿ ಮಾತಾಡಿದರು. ನೌಕಾದಳವೇ ನಾಶವಾದರೂ ಚಿಂತೆಯಿಲ್ಲ, ಸರಕಾರದ ಬಲವನ್ನೆಲ್ಲ ಪ್ರಯೋಗಿಸುವೆವೆಂದು ಬೆದರಿಸಿದರು. ತಾನೇ ಬೆಳೆಸಿದ ದಳದ ಬಗ್ಗೆ ಆಡಿದ ಮಾತು ಅದು! ಮುಂಬಯಿಯ ಬೀದಿಗಳಲ್ಲಿ ಗೋಲೀಬಾರಾಗಿ 200ಕ್ಕೂ ಹೆಚ್ಚು ಜನ ಸತ್ತರು. ಕೊನೆಗೆ ಸರದಾರ ಪಟೇಲರ ಸಲಹೆಯಂತೆ 23ರಂದು ನಾವಿಕರು ಶರಣಾದರು. ನೂರಾರು ಜನ ನೌಕರಿ ಕಳೆದುಕೊಂಡರು.

ಅದೇ ವರ್ಷ ಗಾಡ್‌ಫ್ರೇ ಭಾರತ ಬಿಟ್ಟರು. ಎರಡನೆಯ ಯುದ್ಧದಲ್ಲಿ ಅಷ್ಟು ದುಡಿದ ಅವರಿಗೆ ಅವರ ಸರಕಾರ ಯಾವ ಗೌರವವನ್ನೂ ಕೊಡಲಿಲ್ಲ. ಮುಂದೆ ಲಂಡನ್ನಿನಲ್ಲಿ ಆಸ್ಪತ್ರೆಗಳ ಆಡಳಿತ ಸಮಿತಿಯಲ್ಲಿ ಸೇವೆ ಮಾಡಿ, 80 ವರ್ಷ ದಾಟಿದ ಮೇಲೆ ತೀರಿಕೊಂಡರು.

ಜರ್ಮನಿಯ ಹಡಗುಗಳ ಜಾಡನ್ನು ಹಿಡಿದವರಿಗೆ ತಮ್ಮ ಹಡಗಿನ ಅಡಿಗೆಮನೆಯ ಅಸಮಾಧಾನ ಕಾಣಿಸಲಿಲ್ಲ. ಅವರ ಜಾಣ್ಮೆಯನ್ನು ನಾವು ಮೆಚ್ಚೋಣ, ಸೋಲನ್ನೂ ಮರೆಯದಿರೋಣ. ಹೊಟ್ಟೆಪಾಡಿಗೆಂದು ಊರು ಬಿಟ್ಟು ಈ ಸೇನಾಪತಿ ದಾಭಾಡೆಯವರ ಊರಿಗೆ ಬಂದು ನೆಲೆಸಿದ ನಮಗೆ, ಒಬ್ಬರ ಕಷ್ಟವನ್ನು ಒಬ್ಬರು ಕೇಳಿ ತಿಳಿಯುವುದಕ್ಕೆ ಸಂಘವೊಂದು ಇದೆ. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕದವರನ್ನು ಕ್ಷೇಮವೇ ಎಂದು ಕೇಳಿ, ಅವರ ಉತ್ತರವನ್ನು ಪೂರ್ತಿ ಕೇಳಿಸಿಕೊಂಡರೆ, ಅಷ್ಟರಮಟ್ಟಿಗೆ ನಾವು ಆ ಅಡ್ಮಿರಲ್ಲರಿಗಿಂತ ಬಲ್ಲವರೆನಿಸಿಕೊಂಡೇವು.