ಮೂರನೆಯ ದರ್ಜೆಯ ಯಾತ್ರಿಕ

ಮಿರಜದಿಂದ ಬೆಳಗಾವಿಗೆ ಸಾಗುವ ರೈಲುಹಾದಿ ಶೇಡಬಾಳ, ಉಗಾರಗಳನ್ನು ಹಾಯ್ದು, ಕೃಷ್ಣೆಯನ್ನು ದಾಟಿ, ಕುಡಚಿಯ ಮೇಲಿಂದ ದಕ್ಷಿಣಕ್ಕೆ ಇಳಿಯುತ್ತದೆ. ಮಂಗಸೂಳಿಯ ಖಂಡೋಬನ ದರ್ಶನಕ್ಕೆ ಕರ್ನಾಟಕ ಮಹಾರಾಷ್ಟ್ರಗಳೆರಡರಿಂದಲೂ ಬರುವ ಭಕ್ತರಿಗೆ ಇದು ಪರಿಚಿತವಾದ ಹಾದಿ. ಹಣೆಗೂ ಅಂಗಿಗೂ ಭಂಡಾರ ಹತ್ತಿಸಿಕೊಂಡು, ಬುತ್ತಿಯ ಗಂಟನ್ನು ತೊಡೆಯ ಮೇಲಿರಿಸಿಕೊಂಡು, ಕೂಡಲು ಗೇಣು ಜಾಗ ದೊರೆತರೆ ಅದೂ ದೇವರ ಕೃಪೆಯೆಂದು ಭಾವಿಸುವ ಈ ಯಾತ್ರಿಕನಿಗೆ ರೈಲ್ವೆಯವರ ಭಾಷೆಯಲ್ಲಿ ಬಹುಕಾಲ ಒಂದೇ ಹೆಸರಿತ್ತು: ಮೂರನೆಯ ದರ್ಜೆಯ ಪ್ರಯಾಣಿಕ. ೧೯೨೪ರ ಡಿಸೆಂಬರ ತಿಂಗಳಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಉತ್ತರದ ಜನ ಹರಿದುಬಂದುದೂ ಇದೇ ಹಾದಿಯಲ್ಲಿ. ಆ ಅಧಿವೇಶನದ ಅಧ್ಯಕ್ಷಪೀಠವನ್ನು ಅಲಂಕರಿಸಿದ ಮೋಹನದಾಸ ಕರಮಚಂದ ಗಾಂಧಿಯವರು ಈ ಹೆಸರನ್ನು ತಾವಾಗಿಯೇ ಧರಿಸಿದವರು. ಅವರ ರಾಜಕಾರಣದ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಹಡಗಿನಲ್ಲಿಯೂ ಬಂಡಿಯಲ್ಲಿಯೂ ಕುಳಿತ ಒಬ್ಬ ಪ್ರಯಾಣಿಕನ ಬಾಳಾಗಿ ಅದನ್ನು ನೋಡಿದರೆ, ಆ ಬಾಳು ಹೊರಳಿದ ಬಗೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಗಾಂಧೀಜಿ ಹುಟ್ಟಿದ್ದು ೧೮೬೯ರ ಅಕ್ಟೋಬರ ೨ರಂದು, ಪೋರಬಂದರಿನಲ್ಲಿ. ಸಂಸ್ಥಾನದ ದಿವಾನರ ಮನೆಯಲ್ಲಿ. ೧೮೮೮ರ ಸೆಪ್ಟೆಂಬರ ೪ರಂದು ಬ್ಯಾರಿಸ್ಟರ್ ಓದಿಗಾಗಿ ಮುಂಬಯಿಯಿಂದ ಅವರು ಹಡಗನ್ನೇರಿದಾಗ ಹತ್ತೊಂಬತ್ತು ತುಂಬಿರಲಿಲ್ಲ. ಆ ದೀರ್ಘಪ್ರಯಾಣದಲ್ಲಿ ಅವರನ್ನು ಕಾಡಿದುದು ಸಮುದ್ರವಲ್ಲ, ಸಂಕೋಚ. ಊಟದ ಮೇಜಿನಲ್ಲಿ ಚಾಕು, ಮುಳ್ಳುಚಮಚಗಳನ್ನು ಹಿಡಿಯುವ ಬಗೆ ತಿಳಿಯದು. ಮಾಂಸವಿಲ್ಲದ ಪದಾರ್ಥ ಯಾವುದೆಂದು ಬಡಿಸುವವನನ್ನು ಕೇಳುವ ಧೈರ್ಯವಿಲ್ಲ. ಆದುದರಿಂದ ಹಣ ತೆತ್ತ ಊಟವನ್ನು ಬಿಟ್ಟು, ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳಿಂದಲೇ ಕೋಣೆಯೊಳಗೆ ಹೊಟ್ಟೆ ತುಂಬಿಸಿಕೊಂಡರು. ಇಂಗ್ಲಂಡಿನಲ್ಲಿ ಇಳಿಯುವಾಗ ಬಿಳಿಯ ಫ್ಲಾನೆಲ್ ಉಡುಪು ತೊಟ್ಟವರು ತಾವೊಬ್ಬರೇ ಎಂಬುದನ್ನು ಕಂಡು ನಾಚಿಕೊಂಡರು. ಸೌಕರ್ಯವಿದ್ದರೂ ಅದನ್ನು ಕೇಳಿ ಪಡೆಯಲಾರದ ಪ್ರಯಾಣಿಕನ ಕಷ್ಟ ಎಂತಹುದೆಂಬುದನ್ನು ಅವರು ಮೊದಲು ಅರಿತದ್ದು ಅಲ್ಲಿ.

ಐದು ವರ್ಷಗಳ ತರುವಾಯ ಈ ಸಂಕೋಚದ ಜಾಗದಲ್ಲಿ ಬ್ಯಾರಿಸ್ಟರನ ಅಭಿಮಾನ ಬಂದು ಕುಳಿತಿತ್ತು. ೧೮೯೩ರ ಏಪ್ರಿಲಿನಲ್ಲಿ ದಕ್ಷಿಣ ಆಫ್ರಿಕೆಗೆ ಹೊರಟಾಗ ಮೊದಲ ದರ್ಜೆಯಲ್ಲಿ ಒಂದು ಸ್ಥಳವೂ ಉಳಿದಿರಲಿಲ್ಲ. ಮೊಜಾಂಬಿಕಿನ ಗವರ್ನರ್ ಜನರಲ್ ಅದೇ ಹಡಗಿನಲ್ಲಿ ಹೊರಟಿದ್ದುದರಿಂದ ಎಲ್ಲವೂ ತುಂಬಿದ್ದವು. ಡೆಕ್ಕಿನ ಮೇಲೆ, ಬಯಲಿನಲ್ಲಿ ಹಾಸಿಕೊಂಡು ಹೋಗುವ ಬಡಜನರ ನಡುವೆ ಪ್ರಯಾಣ ಮಾಡಲು ಅವರು ಒಪ್ಪಲಿಲ್ಲ. ತಾವೇ ಹಡಗಿಗೆ ಹೋಗಿ ಮುಖ್ಯಾಧಿಕಾರಿಯನ್ನು ಕಂಡು, ಆತನ ಕೋಣೆಯಲ್ಲಿದ್ದ ಒಂದು ಹೆಚ್ಚಿನ ಹಾಸಿಗೆಯನ್ನು ದೊರಕಿಸಿಕೊಂಡರು. ಮುಂದೆ ಮೂರನೆಯ ದರ್ಜೆಯನ್ನು ವ್ರತದಂತೆ ಸ್ವೀಕರಿಸಿದ ಮಹಾನುಭಾವರು ಇಪ್ಪತ್ತಮೂರರ ಹರೆಯದಲ್ಲಿ ಡೆಕ್ಕನ್ನು ತಮಗೆ ತಕ್ಕುದಲ್ಲವೆಂದು ತಿಳಿದಿದ್ದರೆಂಬ ಸಂಗತಿ ಮರೆಯತಕ್ಕದ್ದಲ್ಲ. ಸಾಧಾರಣ ಜನರೊಡನೆ ಕುಳಿತುಕೊಳ್ಳುವ ಗುಣ ಅವರಿಗೆ ಹುಟ್ಟಿನಿಂದ ಬಂದುದಲ್ಲ. ಅದನ್ನು ಅವರು ಕಲಿತರು.

ಮೊದಲ ಪಾಠವು ಅದೇ ವರ್ಷದ ಜೂನ್ ೭ರ ರಾತ್ರಿ ಪೀಟರ್‌ಮಾರಿಟ್ಸ್‌ಬರ್ಗಿನ ನಿಲ್ದಾಣದಲ್ಲಿ ಆಯಿತು. ಮೊದಲ ದರ್ಜೆಯ ಟಿಕೇಟು ಕೈಯಲ್ಲಿದ್ದರೂ, ಮೈಬಣ್ಣದ ಕಾರಣದಿಂದ ಅವರನ್ನು ಗಾಡಿಯಿಂದ ಹೊರಗೆ ನೂಕಿದರು. ಚಳಿಯಿಂದ ನಡುಗುತ್ತ ನಿರೀಕ್ಷಣಾಗೃಹದಲ್ಲಿ ಕಳೆದ ಆ ರಾತ್ರಿಯನ್ನು ಎಲ್ಲ ಚರಿತ್ರಕಾರರೂ ವರ್ಣಿಸಿದ್ದಾರೆ. ಮುಂದೆ ಚಾರ್ಲ್ಸ್‌ಟೌನಿನಿಂದ ಕುದುರೆಬಂಡಿಯಲ್ಲಿ ಹೋಗುವಾಗ ಅವರನ್ನು ಒಳಗೆ ಕೂಡಿಸದೆ ಹೊರಗೆ ಸಾರಥಿಯ ಪಕ್ಕದಲ್ಲಿ ಕೂಡಿಸಿದರು. ಆಮೇಲೆ ಬಂಡಿಯ ಯಜಮಾನನಿಗೆ ಆ ಜಾಗವೂ ಬೇಕೆನಿಸಿತು. ಮೆಟ್ಟಿಲಹಲಗೆಯ ಮೇಲೆ ಗೋಣಿತಟ್ಟು ಹಾಸಿ ಅಲ್ಲಿ ಕೂಡಲು ಹೇಳಿದ, ಒಪ್ಪದಿದ್ದುದಕ್ಕೆ ಹೊಡೆದ. ಒಳಗಿದ್ದ ಬಿಳಿಯ ಪ್ರಯಾಣಿಕರೇ ಕಡೆಗೆ ನಡುವೆ ಬಂದು ಬಿಡಿಸಿದರು. ಈ ಪ್ರಸಂಗಗಳಲ್ಲಿ ಗಾಂಧೀಜಿ ಹಿಡಿದ ಹಟವು ಹಣ ಕೊಟ್ಟು ಪಡೆದ ಸ್ಥಾನಕ್ಕಾಗಿ. ಆ ಹಣವನ್ನು ಕೊಡಲಾರದವನಿಗೆ ಸಲ್ಲಬೇಕಾದುದೇನು ಎಂಬ ಪ್ರಶ್ನೆ ಇನ್ನೂ ಅವರ ಮುಂದೆ ನಿಂತಿರಲಿಲ್ಲ.

ಆ ಪ್ರಶ್ನೆಯ ಸಮೀಪಕ್ಕೆ ಅವರನ್ನು ತಂದುದು ೧೮೯೬ರ ಕೊನೆಯ ಸಮುದ್ರಯಾನ. ಹೆಂಡತಿ ಮಕ್ಕಳೊಡನೆ ಅವರು ಕುಳಿತಿದ್ದ ಕೋರ್‌ಲ್ಯಾಂಡ್ ಹಡಗೂ, ಜೊತೆಗೆ ಬಂದ ನಾದಿರಿ ಹಡಗೂ ಡರ್ಬನ್ನಿನ ರೇವನ್ನು ಮುಟ್ಟಿದಾಗ, ಮುಂಬಯಿಯ ಪ್ಲೇಗಿನ ನೆಪ ಹೇಳಿ ಸುಮಾರು ೮೦೦ ಜನ ಪ್ರಯಾಣಿಕರನ್ನು ೨೩ ದಿನ ನೀರಿನ ಮೇಲೆಯೇ ತಡೆದರು. ಒಳಗಿನ ಕಾರಣವು ಬಿಳಿಯರ ಪ್ರತಿಭಟನೆ. ಹಿಂತಿರುಗಿ ಹೋಗದಿದ್ದರೆ ಕಡಲಿಗೆ ನೂಕುವೆವೆಂಬ ಬೆದರಿಕೆಯ ನಡುವೆ ಗಾಂಧೀಜಿ ಸಹಪ್ರಯಾಣಿಕರ ನಡುವೆ ಓಡಾಡಿ ಧೈರ್ಯ ಹೇಳಿದರು. ಅವರಿಗಾಗಿ ಆಟವಿನೋದಗಳನ್ನು ಏರ್ಪಡಿಸಿದರು. ಕೋಣೆಯೊಳಗೆ ಅಡಗಿಕೊಂಡಿದ್ದ ಹುಡುಗ ಈಗ ಇಡೀ ಹಡಗಿನ ಯೋಗಕ್ಷೇಮವನ್ನು ವಿಚಾರಿಸುವವನಾಗಿದ್ದ. ೧೮೯೭ರ ಜನವರಿ ೧೩ರಂದು ಇಳಿಯಲು ಅಪ್ಪಣೆ ದೊರೆಯಿತು.

ಈ ಕಲಿಕೆ ಸಂಕಲ್ಪವಾದುದು ೧೯೦೨ರ ಆರಂಭದಲ್ಲಿ. ಕಲಕತ್ತೆಯ ಕಾಂಗ್ರೆಸ್ಸಿಗೆ ಬಂದಿದ್ದ ಗಾಂಧೀಜಿ ಅಲ್ಲಿ ಗೋಪಾಲಕೃಷ್ಣ ಗೋಖಲೆಯವರೊಡನೆ ಒಂದು ತಿಂಗಳು ತಂಗಿದ್ದರು. ಗೋಖಲೆಯವರ ಬಾಲ್ಯದ ವಿದ್ಯಾಭ್ಯಾಸ ನಡೆದುದು ನಿಪ್ಪಾಣಿಗೆ ತೀರ ಹತ್ತಿರದ ಕಾಗಲಿನಲ್ಲಿ, ಮುಂದೆ ಕೊಲ್ಹಾಪುರದಲ್ಲಿ. ಬಡತನದಲ್ಲಿ ಓದಿ ಮೇಲೆ ಬಂದ ಅವರು ನಮ್ಮ ಸೀಮೆಯವರಿಗೆ ಪರಕೀಯರಲ್ಲ. ಕಲಕತ್ತೆಯಿಂದ ರಾಜಕೋಟೆಗೆ ಮೂರನೆಯ ದರ್ಜೆಯಲ್ಲಿಯೇ ಹೋಗುವೆನೆಂದು ಗಾಂಧೀಜಿ ಹೇಳಿದಾಗ ಗೋಖಲೆಯವರು ಮೊದಲು ನಕ್ಕರು. ಉದ್ದೇಶವನ್ನು ಕೇಳಿದ ಮೇಲೆ ಮೆಚ್ಚಿದರು. ಲೋಹದ ಒಂದು ಬುತ್ತಿಡಬ್ಬಿಯನ್ನು ತಾವೇ ಕೊಟ್ಟು, ಅದರಲ್ಲಿ ಪುರಿ, ಸಿಹಿಯುಂಡೆಗಳನ್ನು ತುಂಬಿಸಿದರು. ೧೨ ಆಣೆಯ ಕ್ಯಾನ್ವಾಸಿನ ಚೀಲ, ಒರಟು ಉಣ್ಣೆಯ ನಿಲುವಂಗಿ, ಒಂದು ಧೋತರ, ಅಂಗಿ, ಟವೆಲು, ಕಂಬಳಿ, ತಂಬಿಗೆ: ಇಷ್ಟೇ ಸಾಮಾನು. ಗೋಖಲೆಯವರೂ ವಿಜ್ಞಾನಿ ಪ್ರಫುಲ್ಲಚಂದ್ರ ರಾಯರೂ ಬೀಳ್ಕೊಡಲು ನಿಲ್ದಾಣಕ್ಕೆ ಬಂದರು. ಮೊದಲ ದರ್ಜೆಯಲ್ಲಿ ಹೊರಟಿದ್ದರೆ ತಾವು ಬರುತ್ತಿರಲಿಲ್ಲವೆಂದು ಗೋಖಲೆಯವರು ತಿಳಿಸಿದರಂತೆ. ಕಾಶಿ, ಆಗ್ರಾ, ಜಯಪುರ, ಪಾಲನಪುರಗಳಲ್ಲಿ ಒಂದೊಂದು ದಿನ ನಿಂತು ಮಾಡಿದ ಆ ಪ್ರಯಾಣಕ್ಕೆ ಗಾಡಿಯ ಬಾಡಿಗೆಯೂ ಸೇರಿ ತಗುಲಿದ್ದು ೩೧ ರೂಪಾಯಿ ಮಾತ್ರ.

ಆ ಯಾತ್ರೆಯಲ್ಲಿ ಅವರು ಎರಡು ಬಗೆಯ ತಪ್ಪುಗಳನ್ನು ಕಂಡರು. ರೈಲ್ವೆಯವರು ಮೂರನೆಯ ದರ್ಜೆಯವರನ್ನು ಕುರಿಮಂದೆಯಂತೆ ಕಾಣುವುದು ಒಂದು. ಪ್ರಯಾಣಿಕರು ತಾವು ಕುಳಿತ ನೆಲದ ಮೇಲೆಯೇ ಉಗುಳಿ, ಕಸ ಚೆಲ್ಲಿ, ನೆರೆಯವನ ನಿದ್ರೆಯನ್ನು ಲೆಕ್ಕಿಸದೆ ಕೂಗಾಡುವುದು ಇನ್ನೊಂದು. ಬಡವರ ಪಕ್ಷ ವಹಿಸಿದವರು ಸಾಮಾನ್ಯವಾಗಿ ಎರಡನೆಯದನ್ನು ಮುಚ್ಚಿಡುತ್ತಾರೆ. ಅಧಿಕಾರಿಗಳ ಪಕ್ಷದವರು ಮೊದಲನೆಯದನ್ನು. ಗಾಂಧೀಜಿ ಎರಡನ್ನೂ ಹೇಳಿದರು. ವಿದ್ಯಾವಂತರು ಬೇಕೆಂದೇ ಆ ದರ್ಜೆಯಲ್ಲಿ ಕುಳಿತು ಜನರ ನಡತೆಯನ್ನು ತಿದ್ದಬೇಕು, ಅಧಿಕಾರಿಗಳಿಗೂ ದೂರು ಕೊಡುತ್ತಿರಬೇಕು ಎಂಬುದು ಅವರು ಕಂಡ ಪರಿಹಾರ.

ಕೆಳಗಿನ ದರ್ಜೆಯೆಂದ ಮಾತ್ರಕ್ಕೆ ಅದು ಹೊಲಸಾಗಿರಲೇಬೇಕೆಂಬ ನಿಯಮವಿಲ್ಲವೆಂಬುದು ಅವರಿಗೆ ಕಂಡದ್ದು ೧೯೧೪ರಲ್ಲಿ. ಗೋಖಲೆಯವರನ್ನು ಕಾಣಲು ಕಸ್ತೂರಬಾ ಮತ್ತು ಕಾಲೆನ್‌ಬಾಕ್ ಅವರೊಡನೆ ದಕ್ಷಿಣ ಆಫ್ರಿಕೆಯಿಂದ ಇಂಗ್ಲಂಡಿಗೆ ಹಡಗಿನ ಮೂರನೆಯ ದರ್ಜೆಯಲ್ಲಿ ಹೋದರು. ಅಲ್ಲಿ ಮಲಗಲು ಸ್ಥಳವಿತ್ತು, ಶುಚಿತ್ವವಿತ್ತು. ಹಣ್ಣನ್ನೇ ಉಣ್ಣುವ ಇವರಿಗೆ ಹಣ್ಣು, ಬೀಜಗಳನ್ನು ಒದಗಿಸಬೇಕೆಂದು ಹಡಗಿನ ಕಂಪನಿಯವರು ವಿಶೇಷವಾಗಿ ಆಜ್ಞೆ ಮಾಡಿದ್ದರು. ಸ್ವದೇಶದ ರೈಲಿನ, ಕರಾವಳಿಯ ಹಡಗುಗಳ ಡೆಕ್ಕಿನ ಅನುಭವವಿದ್ದ ಗಾಂಧೀಜಿ ಈ ಅಂತರವನ್ನು ಮರೆಯಲಿಲ್ಲ. ಕೊರತೆ ಇದ್ದುದು ಹಣದಲ್ಲಿ ಮಾತ್ರವಲ್ಲ, ಮನಸ್ಸಿನಲ್ಲಿ.

ಮರುವರ್ಷ, ೧೯೧೫ರ ಫೆಬ್ರುವರಿ ೧೯ರಂದು ಗೋಖಲೆಯವರು ತೀರಿಕೊಂಡರು. ಶಾಂತಿನಿಕೇತನದಲ್ಲಿದ್ದ ಗಾಂಧೀಜಿ ಕಸ್ತೂರಬಾರೊಡನೆ ಪುಣೆಗೆ ಹೊರಟರು. ಬುತ್ತಿಡಬ್ಬಿ ಕೊಟ್ಟು ಬೀಳ್ಕೊಟ್ಟ ಹಿರಿಯನ ಶೋಕಕ್ಕೆ ಹೋಗುವಾಗಲೂ ಮೂರನೆಯ ದರ್ಜೆಯೇ. ಬರ್ದ್ವಾನಿನಲ್ಲಿ ಟಿಕೇಟಿನ ಕಿಂಡಿ ತೆರೆದಾಗ ತೋಳಿನ ಬಲವಿದ್ದವರೇ ಮುಂದಾದರು. ಗಾಡಿ ಬಂದಾಗ ಒಳಗೆ ಕಾಲಿಡಲು ತೆರಪಿಲ್ಲ. ಸಿಕ್ಕಲ್ಲಿ ಹತ್ತಿ, ಇಲ್ಲವೇ ಮುಂದಿನ ಗಾಡಿಗೆ ಬನ್ನಿ ಎಂಬುದು ಗಾರ್ಡಿನ ಉತ್ತರ. ಮಧ್ಯಮ ದರ್ಜೆಯಲ್ಲಿ ಹೇಗೋ ಹತ್ತಿ ಕುಳಿತರೆ ಆಸನ್‌ಸೋಲಿನಲ್ಲಿ ಹೆಚ್ಚಿನ ಬಾಡಿಗೆಯನ್ನು ವಸೂಲು ಮಾಡಿದರು. ಕಲ್ಯಾಣದಲ್ಲಿ ಗಾಂಧೀಜಿ ನಿಲ್ದಾಣದ ನಲ್ಲಿಯ ಕೆಳಗೆ ಸ್ನಾನ ಮಾಡಿದರು. ಕಸ್ತೂರಬಾರಿಗೆ ಪರಿಚಿತರೊಬ್ಬರು ಎರಡನೆಯ ದರ್ಜೆಯ ಸ್ನಾನಗೃಹವನ್ನು ತೋರಿಸಿದಾಗ, ಅಲ್ಲಿ ಆಕೆಗೆ ಹಕ್ಕಿಲ್ಲವೆಂದು ತಿಳಿದೂ ಸುಮ್ಮನಾದರು. ಸುಮ್ಮನಾದುದಕ್ಕೆ ಬಹುಕಾಲ ನೊಂದರು.

೧೯೧೭ರ ಸೆಪ್ಟೆಂಬರದಲ್ಲಿ ಮುಂಬಯಿಯಿಂದ ಮದ್ರಾಸಿಗೆ ಮಾಡಿದ ಪ್ರಯಾಣ ಅವರ ಅನುಭವಗಳಿಗೆ ಶಿಖರಪ್ರಾಯವಾಯಿತು. ಟಿಕೇಟಿಗೆ ಕೊಟ್ಟದ್ದು ೧೩ ರೂಪಾಯಿ ೯ ಆಣೆ. ಡಬ್ಬಿಯ ಮೇಲೆ ೨೨ ಜನರಿಗೆಂದು ಬರೆದಿತ್ತು. ಅದೂ ಕೂಡುವುದಕ್ಕೆ ಮಾತ್ರ, ಎರಡು ರಾತ್ರಿಗಳನ್ನು ಕಳೆಯಬೇಕಾಗಿದ್ದರೂ ಮಲಗುವ ಏರ್ಪಾಡಿಲ್ಲ. ಪುಣೆಯವರೆಗೆ ಗಟ್ಟಿಗರಾದ ಕೆಲವರು ಬಾಗಿಲನ್ನು ತಡೆದು ಹಿಡಿದರು. ನಮ್ಮ ರಾಯಚೂರನ್ನು ಮುಟ್ಟಿದ ಮೇಲೆ ಜನದ ಒತ್ತಡ ಸಹಿಸಲಸಾಧ್ಯವಾಯಿತು. ರೈಲ್ವೆಯ ನೌಕರರು ಬಂದದ್ದು ಇನ್ನಷ್ಟು ಜನರನ್ನು ಒಳಗೆ ನೂಕುವುದಕ್ಕೆ. ದಾರಿಯುದ್ದಕ್ಕೂ ಕಸ ಗುಡಿಸಲಿಲ್ಲ, ಶೌಚಸ್ಥಾನ ತೊಳೆಯಲಿಲ್ಲ, ತೊಟ್ಟಿಯಲ್ಲಿ ನೀರಿರಲಿಲ್ಲ. ಮಾರಲು ತಂದ ತಿಂಡಿ ನೊಣ, ಧೂಳುಗಳಿಂದ ತುಂಬಿತ್ತು. ಚಹವೆಂದು ಕೊಟ್ಟದ್ದರಲ್ಲಿ ಹಾಲೆಂದು ಹೇಳಲು ತಕ್ಕುದಾದ ಪದಾರ್ಥವಿರಲಿಲ್ಲ.

ಸೆಪ್ಟೆಂಬರ ೨೫ರಂದು ರಾಂಚಿಯಲ್ಲಿ ಕುಳಿತು ಇದನ್ನೆಲ್ಲ ಅವರು ಪತ್ರಿಕೆಗಳಿಗೆ ಬರೆದರು. ಆ ಬರಹದ ತಿರುಳು ಒಂದು ಲೆಕ್ಕ. ಮೊದಲ ದರ್ಜೆಯ ಬಾಡಿಗೆ ಮೂರನೆಯದರ ಐದು ಪಟ್ಟಿಗಿಂತ ಹೆಚ್ಚು. ಹಾಗಾದರೆ ಮೂರನೆಯ ದರ್ಜೆಯವನಿಗೆ ಅಲ್ಲಿಯ ಸೌಕರ್ಯದ ಐದನೆಯ ಒಂದು ಪಾಲಾದರೂ, ಹತ್ತನೆಯ ಒಂದು ಪಾಲಾದರೂ ಸಿಗುತ್ತಿದೆಯೇ? ಮೆತ್ತನೆಯ ಆಸನವನ್ನು ಅವರು ಕೇಳಲಿಲ್ಲ. ಕೂಡಲು ಸ್ಥಳ, ನೀರು, ಶುಚಿಯಾದ ಶೌಚಸ್ಥಾನ, ಮನುಷ್ಯನೆಂದು ಕಂಡು ಆಡುವ ಮಾತು: ಇವಿಷ್ಟೇ ಅವರ ಬೇಡಿಕೆ. ವೈಸರಾಯರೂ ಮಹಾರಾಜರೂ ಮುನ್ಸೂಚನೆ ಕೊಡದೆ ಆಗಾಗ ಆ ದರ್ಜೆಯಲ್ಲಿ ಪ್ರಯಾಣ ಮಾಡಿದರೆ ಸುಧಾರಣೆ ತಾನಾಗಿ ಬರುವುದೆಂದು ಅವರು ಸೂಚಿಸಿದರು.

ಬೆಳಗಾವಿಯ ಅಧಿವೇಶನವನ್ನು ಈ ಬೆಳಕಿನಲ್ಲಿ ನೋಡಬೇಕು. ಗಾಂಧೀಜಿ ಅಧ್ಯಕ್ಷರಾದ ಕಾಂಗ್ರೆಸ್ ಅದೊಂದೇ. ವಿಜಯನಗರವೆಂದು ಹೆಸರಿಟ್ಟ ಆ ಬಿಡಾರದಲ್ಲಿ ಗಂಗಾಧರರಾವ್ ದೇಶಪಾಂಡೆಯವರು ಏರ್ಪಾಡಿನ ಹೊಣೆ ಹೊತ್ತಿದ್ದರು. ಡಾಕ್ಟರ್ ಹರ್ಡೀಕರರ ಸ್ವಯಂಸೇವಕರು ದುಡಿದರು. ಸಹಸ್ರಾರು ಜನರ ನೀರಿಗಾಗಿ ಬಾವಿಯನ್ನು ತೋಡಿಸಿ ಪಂಪಾಸರೋವರವೆಂದು ಕರೆದರು. ತಮಗಾಗಿ ಕಟ್ಟಿದ ಖಾದಿಯ ಕುಟೀರವೇ ಅವಶ್ಯಕ್ಕಿಂತ ಹೆಚ್ಚಿನದೆಂದು ಗಾಂಧೀಜಿಗೆ ತೋರಿತು. ಆದರೆ ಬಿಡಾರದ ಶುಚಿತ್ವವನ್ನು ಕಂಡು ಅವರು ಸಂತೋಷಪಟ್ಟರು. ದೂರದಿಂದ ಬಂದವನಿಗೆ ಮೊದಲು ಬೇಕಾದುದು ಯಾವುದೆಂಬುದು ಅನುಭವದಿಂದ ಅವರಿಗೆ ತಿಳಿದಿತ್ತು.

ಈ ವ್ರತವು ಭಂಗವಿಲ್ಲದೆ ನಡೆಯಿತೆಂದು ಹೇಳುವಂತಿಲ್ಲ. ೧೯೧೮ರ ಕಠಿಣ ಕಾಯಿಲೆಯ ಬಳಿಕ ಅವರು ಬಹುಮಟ್ಟಿಗೆ ಎರಡನೆಯ ದರ್ಜೆಗೆ ಹೋಗಬೇಕಾಯಿತು. ಅದನ್ನು ಮರೆಮಾಚದೆ, ನಾಚಿಕೆಯ ವಿಷಯವೆಂದೇ ಬರೆದುಕೊಂಡರು. ಮುಂದೆ ಮತ್ತೆ ಮೂರನೆಯ ದರ್ಜೆಗೆ ಮರಳಿದಾಗಲಾದರೋ ಅವರ ಪರಿವಾರಕ್ಕೆಂದೇ ಪ್ರತ್ಯೇಕ ಡಬ್ಬಿಗಳು ಮೀಸಲಾಗುತ್ತಿದ್ದವು. ಅದನ್ನು ಕಂಡು ಹತ್ತಿರದವರೇ ಮುಗುಳ್ನಕ್ಕದ್ದೂ ಉಂಟು. ಬೇಕೆಂದು ಬಡವನ ಜಾಗದಲ್ಲಿ ಕೂಡುವುದಕ್ಕೂ ಬೇರೆ ಗತಿಯಿಲ್ಲದೆ ಕೂಡುವುದಕ್ಕೂ ಅಂತರವಿದೆ. ಆ ಅಂತರವನ್ನು ಯಾವ ಮಹಾತ್ಮನೂ ಪೂರ್ಣವಾಗಿ ಅಳಿಸಲಾರ. ಆದರೆ ಖ್ಯಾತಿ ಬರುವುದಕ್ಕೆ ಮೊದಲಿನ ವರ್ಷಗಳಲ್ಲಿ, ಯಾರೂ ಗುರುತಿಸದ ಕಾಲದಲ್ಲಿ, ಬರ್ದ್ವಾನಿನ ಕಿಂಡಿಯಲ್ಲಿಯೂ ರಾಯಚೂರಿನ ನೂಕುನುಗ್ಗಲಿನಲ್ಲಿಯೂ ಅವರು ಪಟ್ಟ ಪಾಡು ಸೋಗಿನದಲ್ಲ.

೧೯೪೮ರ ಜನವರಿ ೩೦ರಂದು ಗಾಂಧೀಜಿ ಹತರಾದರು. ಫೆಬ್ರುವರಿಯಲ್ಲಿ ಅವರ ಅಸ್ಥಿಯನ್ನು ದಿಲ್ಲಿಯಿಂದ ಪ್ರಯಾಗದ ಸಂಗಮಕ್ಕೆ ಒಯ್ದ ವಿಶೇಷ ಗಾಡಿಗೆ ಮೂರನೆಯ ದರ್ಜೆಯ ಡಬ್ಬಿಗಳನ್ನೇ ಜೋಡಿಸಿದ್ದರು. ೧೯೭೪ರಲ್ಲಿ ಭಾರತದ ರೈಲುಗಳಿಂದ ಮೂರನೆಯ ದರ್ಜೆಯೆಂಬ ಹೆಸರೇ ಅಳಿಯಿತು.

ಹೆಸರು ಅಳಿಯಿತು, ಪ್ರಶ್ನೆ ಉಳಿಯಿತು. ವಿಮಾನವನ್ನು ಗಾಂಧೀಜಿ ಎಂದೂ ಏರಲಿಲ್ಲ. ಅವರು ತೀರಿದ ವರ್ಷದ ಜೂನ್ ೮ರಂದು ಏರ್ ಇಂಡಿಯಾದ ಮೊದಲ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹಾರಿತು. ೧೯೫೮ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲಣ ವಿಮಾನಗಳಲ್ಲಿ ಇಕಾನಮಿ ಎಂಬ ಅಗ್ಗದ ದರ್ಜೆ ಬಂದಿತು. ೨೦೨೧ರ ಜನವರಿಯಲ್ಲಿ ಸಾನ್‌ಫ್ರಾನ್ಸಿಸ್ಕೋದಿಂದ ಎಲ್ಲಿಯೂ ನಿಲ್ಲದೆ ಬೆಂಗಳೂರಿಗೆ ವಿಮಾನ ಬಂದಿಳಿಯಿತು. ಎರಡು ರಾತ್ರಿಗಳ ಮದ್ರಾಸಿನ ಹಾದಿಗಿಂತ ಕಡಿಮೆ ಹೊತ್ತಿನಲ್ಲಿ ಈಗ ಭೂಗೋಳದ ಆಚೆಯ ಮಗ್ಗುಲನ್ನು ಮುಟ್ಟಬಹುದು. ಮಗಳ ಬಾಣಂತನಕ್ಕೆಂದು ಅಮೇರಿಕೆಗೆ ಹೋಗುವ ನಮ್ಮ ಹಳ್ಳಿಯ ತಾಯಿ ಆ ಸಾಲುಗಳ ನಡುವಣ ಆಸನದಲ್ಲಿ ಕೂಡುತ್ತಾಳೆ. ಮುಂದಿನವನು ಒರಗಿದರೆ ಆಕೆಯ ಮೊಣಕಾಲಿಗೆ ಎಡೆಯಿಲ್ಲ. ತಟ್ಟೆಯಲ್ಲಿ ಮಾಂಸವಿದೆಯೋ ಇಲ್ಲವೋ ಎಂದು ಕೇಳಲು ಬಾಯಿ ಬಾರದು. ನೀರು ಬೇಕೆಂದು ಗುಂಡಿ ಒತ್ತಲು ಕೈ ಬಾರದು. ಮುಂದೆ ತೂಗುವ ಪರದೆಯ ಆಚೆಗೆ ಮಲಗುವ ಆಸನಗಳಿವೆ. ಅವು ತನಗೂ ಬೇಕೆಂದು ಆಕೆ ಕೇಳುವುದಿಲ್ಲ. ೧೮೮೮ರ ಹಡಗಿನಲ್ಲಿ ಹಸಿದು ಕುಳಿತಿದ್ದ ಹುಡುಗನನ್ನು ಯಾರಾದರೂ ತಾವಾಗಿ ಬಂದು ವಿಚಾರಿಸಿದ್ದರೆ ಸಾಕಾಗುತ್ತಿತ್ತು. ಆಕೆಗೂ ಅಷ್ಟೇ ಸಾಕು.

ಹೆಚ್ಚು ಹಣ ಕೊಟ್ಟವನಿಗೆ ಹೆಚ್ಚು ವಿಸ್ತಾರವಾದ ಆಸನ ಸಲ್ಲಲಿ. ಗಾಂಧೀಜಿಯೂ ಅದಕ್ಕೆ ಆಕ್ಷೇಪಿಸಲಿಲ್ಲ. ಶುಚಿತ್ವ, ನೀರು, ಮರ್ಯಾದೆಗಳನ್ನು ಮಾತ್ರ ಬಾಡಿಗೆಯ ಪ್ರಮಾಣದಲ್ಲಿ ಹಂಚಲಾಗದು. ತನ್ನ ಸುತ್ತಲಿನ ಜಾಗವನ್ನು ಚೊಕ್ಕಟವಾಗಿಟ್ಟುಕೊಳ್ಳುವ, ನೆರೆಯವನಿಗೆ ಎಡೆ ಬಿಡುವ ಹೊಣೆ ಪ್ರಯಾಣಿಕನದೂ ಆಗಿದೆ. ಡೆಕ್ಕನ್ನು ಒಲ್ಲೆನೆಂದ ಯುವಕನೊಬ್ಬ ಈ ಎರಡು ಮಾತುಗಳನ್ನು ಕಲಿಯಲು ಇಪ್ಪತ್ತನಾಲ್ಕು ವರ್ಷ ಪ್ರಯಾಣ ಮಾಡಬೇಕಾಯಿತು. ಕಲಿತ ಮೇಲೆ ಅವನು ಅವನ್ನು ಮರೆಯಲಿಲ್ಲ.