ಕಳಿಂಗದಲ್ಲಿ ಜ್ಞಾನದೀಪ ಬೆಳಗಿದ ಶ್ರೀನರಹರಿತೀರ್ಥರು

ವಿಶಾಖಪಟ್ಟಣದ ಪೆಂಡುರ್ತಿ ಪರಿಸರದಲ್ಲಿ ನೆಲೆಸಿರುವ ಭಕ್ತರಿಗೆ ಸಿಂಹಾಚಲವು ಸಮೀಪದ ಕ್ಷೇತ್ರ. ವರಾಹನರಸಿಂಹಸ್ವಾಮಿಯ ದರ್ಶನ ಪಡೆದು ಮರಳುವ ನಾವು, 700 ವರ್ಷಗಳಿಗೂ ಹಿಂದೆ ಇದೇ ನಾಡಿನಲ್ಲಿ ಮಾಧ್ವಸಿದ್ಧಾಂತವನ್ನು ಬೆಳಗಿದ ಮಹನೀಯರನ್ನು ಸ್ಮರಿಸುವುದು ವಿರಳ. ಅವರೇ ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀನರಹರಿತೀರ್ಥರು.

ಪೂರ್ವಾಶ್ರಮದಲ್ಲಿ ಇವರಿಗೆ ಶ್ಯಾಮಶಾಸ್ತ್ರಿಗಳೆಂದು ಹೆಸರು. ಕಳಿಂಗದ ಗಂಗವಂಶದ ಅರಸರ ಆಸ್ಥಾನದಲ್ಲಿ ಉನ್ನತ ಅಧಿಕಾರದಲ್ಲಿದ್ದ ಪಂಡಿತರು. ಶ್ರೀಮದಾಚಾರ್ಯರಿಗೆ ಶರಣಾಗಿ ಸಂನ್ಯಾಸ ಸ್ವೀಕರಿಸಿದ ಮೇಲೆ ಗುರುಗಳ ಸನ್ನಿಧಿಯಲ್ಲಿಯೇ ಇದ್ದು ಶಾಸ್ತ್ರಚಿಂತನೆಯಲ್ಲಿ ಕಾಲ ಕಳೆಯಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ಕಳಿಂಗಕ್ಕೆ ಮರಳಿ ಅಲ್ಲಿಯ ಹೊಣೆಯನ್ನು ನಿರ್ವಹಿಸಬೇಕೆಂದು ಗುರುಗಳ ಆಜ್ಞೆಯಾಯಿತೆಂದು ಸಂಪ್ರದಾಯವು ತಿಳಿಸುತ್ತದೆ. ವಿರಕ್ತನಿಗೆ ರಾಜಕಾರ್ಯಕ್ಕಿಂತ ಕಠಿನವಾದ ತಪಸ್ಸು ಬೇರೊಂದಿಲ್ಲ. ತಮ್ಮ ಇಚ್ಛೆಯನ್ನು ಗುರುವಾಕ್ಯಕ್ಕೆ ಅರ್ಪಿಸಿ ಅವರು ಹಿಂದಿರುಗಿದರು.

ಮುಂದೆ ನಡೆದುದಕ್ಕೆ ಶಿಲೆಗಳೇ ಸಾಕ್ಷಿ. ಶ್ರೀಕಾಕುಳಂ ಜಿಲ್ಲೆಯ ಶ್ರೀಕೂರ್ಮ ಕ್ಷೇತ್ರದಲ್ಲಿರುವ 1281ರ ಸಂಸ್ಕೃತ ಶಾಸನವು, ಅವರು ಕೂರ್ಮನಾಥನ ಸನ್ನಿಧಿಯಲ್ಲಿ ಯೋಗಾನಂದ ನರಸಿಂಹದೇವರಿಗೆ ಗುಡಿ ಕಟ್ಟಿಸಿದುದನ್ನು ಹೇಳುತ್ತದೆ. ಶಬರರ ದಾಳಿಯಿಂದ ಆ ಪ್ರದೇಶವನ್ನು ಕಾಪಾಡಿದುದನ್ನೂ, ಶ್ರೀಮದಾನಂದತೀರ್ಥರ ಮಹಿಮೆಯನ್ನೂ ಅದೇ ಶಾಸನ ಕೊಂಡಾಡುತ್ತದೆ. ರಾಜ್ಯವನ್ನು ರಕ್ಷಿಸಿದವರು ಕಟ್ಟಿದ್ದು ತಮ್ಮ ಹೆಸರಿನ ಕೀರ್ತಿಸ್ತಂಭವನ್ನಲ್ಲ, ದೇವರ ಗುಡಿಯನ್ನು. ಭಗವಂತನ ಉಪಕಾರಸ್ಮರಣೆ ಎಂದರೆ ಇದೇ ಅಲ್ಲವೇ! ಸಿಂಹಾಚಲದ ಶಾಸನಗಳಲ್ಲಿಯೂ ಅವರ ಹೆಸರಿದೆ. 2025ರಲ್ಲಿ ಅಲ್ಲಿಯ ದೇವಾಲಯದಲ್ಲಿ ಅವರ ಪ್ರಾಚೀನ ಶಿಲಾಪ್ರತಿಮೆಯೊಂದು ಗುರುತಿಸಲ್ಪಟ್ಟಿದ್ದು ಭಕ್ತರಿಗೆ ಹರ್ಷದ ಸಂಗತಿ.

ಇಷ್ಟು ಸೇವೆ ಸಲ್ಲಿಸಿದವರು ಅರಸರಿಂದ ಬೇಡಿದ್ದಾದರೂ ಏನು? ಗ್ರಾಮವಲ್ಲ, ಕನಕವಲ್ಲ. ರಾಜಭಂಡಾರದಲ್ಲಿದ್ದ ಶ್ರೀಮೂಲರಾಮ ಮತ್ತು ಸೀತಾದೇವಿಯರ ಪ್ರತಿಮೆಗಳನ್ನು ಮಾತ್ರ. ಅವನ್ನು ತಂದು ಗುರುಗಳ ಕರಕಮಲಗಳಿಗೆ ಒಪ್ಪಿಸಿದರೆಂಬುದು ನಮ್ಮ ಪರಂಪರೆಯು ಕೃತಜ್ಞತೆಯಿಂದ ನೆನೆಯುವ ಘಟನೆ.

ತಾವು ಪಡೆದ ಜ್ಞಾನವನ್ನು ಅವರು ತಮ್ಮಲ್ಲಿಯೇ ಇರಿಸಿಕೊಳ್ಳಲಿಲ್ಲ. ಪಂಡಿತರಿಗಾಗಿ ಶ್ರೀಮದಾಚಾರ್ಯರ ಗೀತಾಭಾಷ್ಯಕ್ಕೆ ಭಾವಪ್ರಕಾಶಿಕೆ ಎಂಬ ವ್ಯಾಖ್ಯಾನ ರಚಿಸಿದರು. ಸಂಸ್ಕೃತ ಬಲ್ಲದವರಿಗಾಗಿ ಕನ್ನಡದಲ್ಲಿ ದೇವರನಾಮಗಳನ್ನು ಹಾಡಿದರು. ಇಂದು ಉಳಿದಿರುವುವು ಕೆಲವೇ. ಆದರೂ ಮುಂದೆ ಶ್ರೀಪಾದರಾಜರು, ಶ್ರೀವ್ಯಾಸರಾಜರು, ಪುರಂದರದಾಸರು ನಡೆದ ಹಾದಿಗೆ ಮೊದಲ ಹೆಜ್ಜೆ ಅವರದೇ ಎಂದು ಹರಿದಾಸಪರಂಪರೆಯು ಅವರನ್ನು ವಂದಿಸುತ್ತದೆ.

ಶ್ರೀಪದ್ಮನಾಭತೀರ್ಥರ ತರುವಾಯ, ಮಠಪರಂಪರೆಯ ಎಣಿಕೆಯಂತೆ 1324ರಿಂದ 1333ರವರೆಗೆ ಅವರು ವೇದಾಂತಸಾಮ್ರಾಜ್ಯವನ್ನು ಆಳಿದರು. ಹಂಪೆಯ ಚಕ್ರತೀರ್ಥದ ಬಳಿ, ತುಂಗಭದ್ರಾತೀರದಲ್ಲಿ ಅವರ ವೃಂದಾವನವಿದೆ. ಪುಷ್ಯ ಬಹುಳ ಸಪ್ತಮಿಯಂದು ಅವರ ಆರಾಧನೆ.

ಉದ್ಯೋಗದ ಭಾರ ಇಳಿದ ಮೇಲೆ ದೇವರ ಕೆಲಸ ಮಾಡೋಣವೆಂದು ನಗರವಾಸಿಗಳಾದ ನಾವು ಮುಂದೂಡುತ್ತಲೇ ಇರುತ್ತೇವೆ. ಭಾರ ಹೊತ್ತಿರುವಾಗಲೇ ಅದನ್ನು ಪೂಜೆಯಾಗಿಸಬಹುದೆಂದು ಶ್ರೀಗಳವರ ಚರಿತ್ರೆ ತೋರಿಸುತ್ತದೆ. ದೇವರು ಕೊಟ್ಟ ಅನ್ನ, ವಿದ್ಯೆ, ಸ್ಥಾನಗಳಿಗೆ ಪ್ರತಿಯಾಗಿ ನಾವು ಅವನಿಗೆ ಕೊಡಬಲ್ಲುದು ಏನೂ ಇಲ್ಲ. ಅವನ ಮಹಿಮೆಯನ್ನು ನೆರೆಯವರೊಡನೆ, ಮಕ್ಕಳೊಡನೆ, ಅವರಿಗೆ ತಿಳಿಯುವ ಮಾತಿನಲ್ಲಿ ಹಂಚಿಕೊಳ್ಳುವುದೊಂದೇ ನಮ್ಮಿಂದಾಗುವ ಕೃತಜ್ಞತೆ. ಮುಂದಿನ ಬಾರಿ ಸಿಂಹಾಚಲದ ಮೆಟ್ಟಿಲು ಹತ್ತುವಾಗ ಶ್ರೀನರಹರಿತೀರ್ಥರನ್ನು ನೆನೆಯೋಣ.

ಶ್ರೀಕೃಷ್ಣಾರ್ಪಣಮಸ್ತು.