ಕಡಲ ಮುಂದೆ ಮಾತು ಹುಡುಕಿದ ಕವಿ: ಆಲ್ಫ್ರೆಡ್ ಟೆನಿಸನ್

ಇಂಗ್ಲಿಷ್ ಕವಿತೆಗಳನ್ನು ಓದುವ ವಿದ್ಯಾರ್ಥಿಗಳಿಗೆ ಆಲ್ಫ್ರೆಡ್ ಟೆನಿಸನ್ ಹೆಸರು ಹೊಸದೇನಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅವರಷ್ಟು ಜನಪ್ರಿಯತೆ ಪಡೆದ ಕವಿಗಳು ವಿರಳ. ಆದರೆ ಆ ಕೀರ್ತಿಯ ಹಿಂದೆ ಗೆಳೆಯನೊಬ್ಬನ ಸಾವು ಮತ್ತು ಹದಿನೇಳು ವರ್ಷಗಳ ತಾಳ್ಮೆ ಇದೆ. ಅದನ್ನು ತಿಳಿದು ಓದಿದರೆ ‘ಬ್ರೇಕ್, ಬ್ರೇಕ್, ಬ್ರೇಕ್’ ಎಂಬ ಅವರ ಪುಟ್ಟ ಕವಿತೆ ನಮಗೆ ಇನ್ನಷ್ಟು ಹತ್ತಿರವಾಗುತ್ತದೆ.

ಟೆನಿಸನ್ 1809ರ ಆಗಸ್ಟ್ 6ರಂದು ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತ್ಯದ ಸೋಮರ್ಸ್‌ಬಿ ಎಂಬ ಹಳ್ಳಿಯಲ್ಲಿ ಜನಿಸಿದರು. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ತಂದೆ ಚರ್ಚಿನ ಪಾದ್ರಿ. ತಾತ ತನ್ನ ಆಸ್ತಿಯ ಹೆಚ್ಚಿನ ಪಾಲನ್ನು ಕಿರಿಯ ಮಗನಿಗೆ ಕೊಡಲು ನಿಶ್ಚಯಿಸಿದ್ದರಿಂದ ತಂದೆ ಮನನೊಂದು ಕುಡಿತಕ್ಕೆ ಬಿದ್ದರು. ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಬಾಲಕ ಆಲ್ಫ್ರೆಡ್‌ಗೆ ಪುಸ್ತಕಗಳೂ ಹತ್ತಿರದ ಕಡಲ ತೀರವೂ ಆಸರೆಯಾದವು.

1827ರಲ್ಲಿ ಅವರು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು ಸೇರಿದರು. ಅಲ್ಲಿ ಆರ್ಥರ್ ಹ್ಯಾಲಮ್ ಎಂಬ ಪ್ರತಿಭಾವಂತ ಯುವಕನ ಸ್ನೇಹವಾಯಿತು. ಟೆನಿಸನ್ ಸಂಕೋಚದ ಸ್ವಭಾವದವರು, ಹ್ಯಾಲಮ್ ಮಾತುಗಾರ. ಗೆಳೆಯನ ಕವಿತೆಗಳನ್ನು ಮೆಚ್ಚಿ, ಪ್ರಕಟಿಸಲು ಧೈರ್ಯ ತುಂಬಿದವನು ಅವನೇ. ಮುಂದೆ ಟೆನಿಸನ್ ಅವರ ತಂಗಿ ಎಮಿಲಿಯೊಂದಿಗೆ ಅವನ ಮದುವೆ ನಿಶ್ಚಯವೂ ಆಯಿತು. 1831ರಲ್ಲಿ ತಂದೆ ತೀರಿಕೊಂಡಾಗ ಟೆನಿಸನ್ ಪದವಿ ಮುಗಿಸದೆ ಕಾಲೇಜು ಬಿಟ್ಟರು. ನಂತರ ಬಂದ ಕವನ ಸಂಕಲನವನ್ನು ವಿಮರ್ಶಕರು ಗೇಲಿ ಮಾಡಿದರು. ಆಗಲೂ ಬೆನ್ನಿಗೆ ನಿಂತವನು ಹ್ಯಾಲಮ್.

1833ರ ಸೆಪ್ಟೆಂಬರ್‌ನಲ್ಲಿ ತಂದೆಯ ಜೊತೆ ಯುರೋಪ್ ಪ್ರವಾಸದಲ್ಲಿದ್ದ ಹ್ಯಾಲಮ್ ವಿಯೆನ್ನಾ ನಗರದಲ್ಲಿ ಹಠಾತ್ತನೆ ಕೊನೆಯುಸಿರೆಳೆದ. ವಯಸ್ಸು ಕೇವಲ 22. ಅವನ ದೇಹವನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ತರಲಾಯಿತು. ಮರುವರ್ಷ ಜನವರಿಯಲ್ಲಿ, ಬ್ರಿಸ್ಟಲ್ ಕಡಲ್ಗಾಲುವೆಯ ಪಕ್ಕದ ಕ್ಲೀವ್‌ಡನ್ ಊರಿನ ಚರ್ಚಿನಲ್ಲಿ ಸಮಾಧಿ ಮಾಡಿದರು. ಹೀಗೆ ಗೆಳೆಯನ ಸಾವು ಮತ್ತು ಸಮುದ್ರ ಟೆನಿಸನ್ ಅವರ ಮನಸ್ಸಿನಲ್ಲಿ ಒಂದಾಗಿಬಿಟ್ಟವು.

ಈ ದುಃಖದಿಂದ ಹುಟ್ಟಿದ್ದೇ ಮೇಲೆ ಹೇಳಿದ ಕವಿತೆ. ಇದರಲ್ಲಿರುವುದು ಕೇವಲ ಹದಿನಾರು ಸಾಲುಗಳು. ಓದಿದರೆ ಕವಿ ಬಂಡೆಯ ಮೇಲೆ ನಿಂತೇ ಬರೆದಿರಬೇಕು ಅನಿಸುತ್ತದೆ. ಆದರೆ ಅದು ಮೂಡಿದ್ದು ಲಿಂಕನ್‌ಶೈರಿನ ಒಂದು ಓಣಿಯಲ್ಲಿ, ಬೆಳಗಿನ ಜಾವದಲ್ಲಿ. ಅಂದರೆ ಕವಿತೆಯ ಕಡಲು ಮನಸ್ಸಿನೊಳಗಿನ ಕಡಲು.

ಕವಿತೆಯಲ್ಲಿ ಅಲೆಗಳು ಕಲ್ಲಿಗೆ ಬಡಿಯುತ್ತಲೇ ಇವೆ. ಕವಿಗೆ ತನ್ನ ನೋವನ್ನು ಹೇಳಿಕೊಳ್ಳಲು ಮಾತೇ ಸಿಗುತ್ತಿಲ್ಲ. ಅತ್ತ ಬೆಸ್ತರ ಹುಡುಗ ತಂಗಿಯ ಜೊತೆ ಆಡುತ್ತಿದ್ದಾನೆ, ನಾವಿಕ ಹುಡುಗ ಹಾಡುತ್ತಿದ್ದಾನೆ, ಹಡಗುಗಳು ಬಂದರಿನತ್ತ ಸಾಗುತ್ತಿವೆ. ಲೋಕ ತನ್ನ ಪಾಡಿಗೆ ನಡೆದಿದೆ. ಯಾರದೂ ತಪ್ಪಿಲ್ಲ. ಆದರೂ ದುಃಖದಲ್ಲಿರುವವನಿಗೆ ಆ ನೆಮ್ಮದಿಯ ನೋಟವೇ ಚುಚ್ಚುತ್ತದೆ. ಅವನಿಗೆ ಬೇಕಾಗಿರುವುದು ಇನ್ನೆಂದೂ ಸಿಗದ ಒಂದು ಕೈಯ ಸ್ಪರ್ಶ, ಒಂದು ದನಿ. ಕವಿತೆಯಲ್ಲಿ ಎಲ್ಲಿಯೂ ಹ್ಯಾಲಮ್ ಹೆಸರಿಲ್ಲ. ಆದ್ದರಿಂದಲೇ ಆಪ್ತರನ್ನು ಕಳೆದುಕೊಂಡ ಯಾರು ಓದಿದರೂ ಅದು ಅವರದೇ ಕವಿತೆಯಾಗುತ್ತದೆ.

ಮೊದಲ ಸಾಲನ್ನು ಗಟ್ಟಿಯಾಗಿ ಓದಿ ನೋಡಿ. ಮೂರೇ ಪದಗಳು, ಮೂರೂ ಒಂದೇ. ಪ್ರತಿ ಪದದ ನಂತರ ಉಸಿರು ನಿಲ್ಲುತ್ತದೆ. ಅಲೆ ಬಂದು ಬಡಿದು ಹಿಂದೆ ಸರಿದಂತೆ. ಆ ಇಂಗ್ಲಿಷ್ ಪದಕ್ಕೆ ಅಲೆ ಒಡೆಯುವುದು ಎಂಬ ಅರ್ಥವೂ ಇದೆ, ಎದೆ ಒಡೆಯುವುದು ಎಂಬ ಅರ್ಥವೂ ಹೊಳೆಯುತ್ತದೆ. ಕೊನೆಯ ಚರಣದಲ್ಲಿ ಅದೇ ಸಾಲು ಮರಳಿ ಬರುತ್ತದೆ. ಅಲೆ ಮರಳುತ್ತದೆ, ಹೋದ ದಿನ ಮಾತ್ರ ಮರಳುವುದಿಲ್ಲ.

ವಿಮರ್ಶಕರ ಟೀಕೆಯ ನಂತರ ಸುಮಾರು ಹತ್ತು ವರ್ಷ ಟೆನಿಸನ್ ಹೊಸ ಸಂಕಲನ ತರಲಿಲ್ಲ, ಆದರೆ ಬರೆಯುವುದನ್ನು ನಿಲ್ಲಿಸಲಿಲ್ಲ. 1842ರಲ್ಲಿ ಈ ಕವಿತೆಯನ್ನೂ ಒಳಗೊಂಡ ಎರಡು ಸಂಪುಟಗಳು ಬಂದವು, ಹೆಸರು ತಂದವು. ಮರದ ಕೆತ್ತನೆಯ ಯಂತ್ರೋದ್ಯಮವೊಂದಕ್ಕೆ ಹಾಕಿದ ಹಣ ಮುಳುಗಿ ಕಷ್ಟಪಟ್ಟರೂ ಹ್ಯಾಲಮ್ ನೆನಪಿನ ಕವಿತೆಗಳನ್ನು ಬಿಡದೆ ಬರೆದರು. ಅವೇ 1850ರಲ್ಲಿ ‘ಇನ್ ಮೆಮೋರಿಯಮ್’ ಎಂಬ ದೀರ್ಘ ಕಾವ್ಯವಾಗಿ ಹೊರಬಂದವು. ಅದೇ ವರ್ಷ ಎಮಿಲಿ ಸೆಲ್‌ವುಡ್ ಜೊತೆ ವಿವಾಹವಾಯಿತು, ಆಸ್ಥಾನಕವಿ ಪದವಿಯೂ ದೊರೆಯಿತು. ಹಿರಿಯ ಮಗನಿಗೆ ಅವರಿಟ್ಟ ಹೆಸರು ಹ್ಯಾಲಮ್. 1861ರಲ್ಲಿ ಪತಿಯನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿಗೂ ಆ ಕಾವ್ಯ ಸಾಂತ್ವನ ನೀಡಿತು.

ಕಡಲು ಅವರನ್ನು ಮತ್ತೊಮ್ಮೆ ಅಳಿಸಿತು. ಕಿರಿಯ ಮಗ ಲಯನಲ್ ಭಾರತಕ್ಕೆ ಬಂದಿದ್ದಾಗ ಜ್ವರಕ್ಕೆ ತುತ್ತಾಗಿ, 1886ರಲ್ಲಿ ಊರಿಗೆ ಮರಳುವಾಗ ಹಡಗಿನಲ್ಲೇ ತೀರಿಕೊಂಡರು. ಅವರ ದೇಹವನ್ನು ಕೆಂಪು ಸಮುದ್ರಕ್ಕೆ ಒಪ್ಪಿಸಲಾಯಿತು. ಮೂರು ವರ್ಷಗಳ ನಂತರ ಎಂಬತ್ತರ ಟೆನಿಸನ್ ‘ಕ್ರಾಸಿಂಗ್ ದ ಬಾರ್’ ಬರೆದರು. ಅದರಲ್ಲಿ ಸಾವು ಶಾಂತವಾದ ಸಮುದ್ರಯಾನ. ತಮ್ಮ ಕವಿತೆಗಳ ಸಂಗ್ರಹಗಳಲ್ಲೆಲ್ಲ ಅದು ಕೊನೆಯಲ್ಲಿರಲಿ ಎಂದು ಬಯಸಿದರು. 1892ರ ಅಕ್ಟೋಬರ್ 6ರಂದು ನಿಧನರಾದ ಅವರ ಸಮಾಧಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ.

ಪರೀಕ್ಷೆಯಲ್ಲಿ ಈ ಕವಿತೆಯ ವಸ್ತು ದುಃಖ ಎಂದು ಬರೆದರೆ ಅಂಕ ಸಿಗಬಹುದು. ಆದರೆ ದುಃಖವನ್ನು ಬೇಗ ಮರೆಯಬೇಕೆಂದು ಟೆನಿಸನ್ ಹೇಳಲಿಲ್ಲ. ಮಾತು ಸಿಗದಿದ್ದರೂ ಹುಡುಕುತ್ತಾ ಇದ್ದರು. ಅವರಿಗೆ ಸಿಕ್ಕ ಮಾತು ಇಂದು ನಮಗೂ ಒದಗುತ್ತಿದೆ.